ನಂಜಿಗೆ ದಾರಿ ತೋರುವವರು ಯಾರು?

ಮಾರ್ಚ್ ತಿಂಗಳ ಕೊನೆಯ ವಾರ. ಊರ್ಡಿಗೆರೆಯಿಂದ ದೇವರಾಯನದುರ್ಗದ ಕಡೆಗೆ ಹೋಗುವ ದಾರಿಯಲ್ಲಿ ರಸ್ತೆಗೆ ಹೊಂದಿಕೊಂಡಂತೆ ಅರ್ಧ ಎಕರೆ ಟೊಮೆಟೊ ಇತ್ತು. ಕೋಲು ನೆಟ್ಟು, ಸುತಳಿ ಕಟ್ಟಿ, ಡ್ರಿಪ್ ಎಳೆದು ಅಚ್ಚುಕಟ್ಟಾಗಿ ಮಾಡಿದ ತೋಟ. ರಸ್ತೆಯಿಂದ ನೋಡಿದರೆ ಎಲ್ಲವೂ ಹಸಿರೇ. ಒಳಗೆ ಕಾಲಿಟ್ಟಾಗ ಮೂರು ಗಿಡಕ್ಕೊಂದು ಗಿಡದ ಸುಳಿ ಮೇಲೇಳದೆ ಮುಷ್ಟಿ ಹಿಡಿದ ಹಾಗೆ ಕುಗ್ಗಿದ್ದು ಕಂಡಿತು. ಒಂದು ಎಲೆಯನ್ನು ಬೆರಳಲ್ಲಿ ಹಿಡಿದೆ. ಅಂಚು ಮೇಲಕ್ಕೆ ಮಡಚಿ ಎಲೆ ಪುಟ್ಟ ದೊನ್ನೆಯಂತಾಗಿತ್ತು. ನರಗಳ ನಡುವೆ ಹಳದಿ, ನರ ಮಾತ್ರ ಹಸಿರು. ಸ್ವಲ್ಪ ಒತ್ತಿದ್ದಕ್ಕೇ ಹಪ್ಪಳದಂತೆ ಮುರಿಯಿತು. ಪಕ್ಕದ ಗಿಡದ ಎಲೆ ತಿರುಗಿಸಿದರೆ ಅಡಿಯಲ್ಲಿ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ನೊಣ. ಗಿಡ ಅಲುಗಿಸಿದೊಡನೆ ಅಷ್ಟೂ ಎದ್ದವು, ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಕೂತವು.

“ವೈರಸ್ ಹೊಡ್ದೈತೆ ಸ್ವಾಮಿ,” ಅಂದರು ತೋಟದ ಯಜಮಾನರು. “ನಾಕ್ ಸಲ ಔಷ್ದಿ ಹೊಡೆಸ್ದೆ. ನೊಣ ಸಾಯ್ತದೆ, ಮುದುರು ನಿಲ್ಲಲ್ಲ.”

ನನಗೆ ತಿಳಿದಷ್ಟು ಹೇಳಿದೆ. ನೊಣ ಬರೀ ಸಾಗಿಸುವುದು, ಕೆಡಿಸುವುದು ಅದರ ಬಾಯಿಂದ ಇಳಿಯುವ ಕಣ್ಣಿಗೆ ಕಾಣದ ಕಣ ಎಂದೆ. ಅವರು ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಇವತ್ತಿಗೂ ಉಳಿದಿದೆ. “ಅಷ್ಟ್ ಸಣ್ಣದು ಅಂತೀರಲ್ಲ, ಕಣ್ಣಿಲ್ಲ ಕಾಲಿಲ್ಲ. ಗಿಡದ ಒಳೀಕ್ ಹೋದ್ಮೇಲೆ ಅದ್ಕೆ ದಾರಿ ಯಾರ್ ತೋರುಸ್ತಾರೆ?”

ಒಂದೇ ಮಾತಲ್ಲಿ ಉತ್ತರ ಹೇಳಬಹುದಿತ್ತು: ಗಿಡವೇ. ಆದರೆ ಅಷ್ಟಕ್ಕೆ ಬಿಟ್ಟರೆ ಅರ್ಥವಾಗುವ ಮಾತಲ್ಲ ಅದು. ಬದುವಿನ ಮೇಲೆ ಕೂತು ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಹೆಸರು ಹೊತ್ತ ವೈರಸ್

ಕೃಷಿ ಪುಸ್ತಕಗಳು ಇದನ್ನು ಎಲೆ ಮುಟುರು ನಂಜು ರೋಗ ಎನ್ನುತ್ತವೆ. ನಂಜು ಎಂದರೆ ವಿಷ. ವೈರಸ್ ಎಂಬ ಲ್ಯಾಟಿನ್ ಪದಕ್ಕೂ ಮೂಲದಲ್ಲಿ ಅದೇ ಅರ್ಥ. ಭಾರತದಲ್ಲಿ ಟೊಮೆಟೊ ಗಿಡದ ಈ ರೋಗವನ್ನು ವಿಜ್ಞಾನಿಗಳು ದಾಖಲಿಸಿದ್ದು 1948ರಲ್ಲಿ, ವಾಸುದೇವ ಮತ್ತು ಸ್ಯಾಮ್ ರಾಜ್ ಎಂಬವರು. ನಮ್ಮ ಸೀಮೆಯ ರೋಗವನ್ನು ದಶಕಗಳ ಕಾಲ ಬೆನ್ನಟ್ಟಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಅವರ ಸಂಗಡಿಗರು. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆದ ಕೆಲಸದಿಂದ ನಮ್ಮ ಟೊಮೆಟೊ ಕೆಡಿಸುವ ವೈರಸ್ಸಿನ ಗುರುತು ಖಚಿತವಾಯಿತು. ಅದಕ್ಕೆ ‘ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್’ ಎಂದೇ ಹೆಸರು. ಒಂದು ಊರಿಗೆ ಇಂಥ ಕೀರ್ತಿ ಬೇಕಿರಲಿಲ್ಲ. ಆದರೆ ಹೆಸರಿಟ್ಟ ಮೇಲೆ ಶತ್ರುವಿನ ಮುಖ ಗೊತ್ತಾದಂತಾಯಿತು.

1999ರಲ್ಲಿ ಕೋಲಾರದ ಟೊಮೆಟೊ ತೋಟಗಳಲ್ಲಿ ಈ ರೋಗ ಭೀಕರವಾಗಿ ಹರಡಿತು. ಅಲ್ಲಿ ಹಿಡಿದ ಬಿಳಿ ನೊಣಗಳನ್ನು ಪರೀಕ್ಷಿಸಿದಾಗ ಹಳೆಯ ದೇಸಿ ನೊಣದ ಜೊತೆಗೆ ‘ಬಿ ಬಯೊಟೈಪ್’ ಎಂಬ ಹೊರಗಿನ ತಳಿಯೂ ಸಿಕ್ಕಿತು. ಭಾರತದಲ್ಲಿ ಅದು ಕಂಡಿದ್ದು ಅದೇ ಮೊದಲು. ಕೋಲಾರಕ್ಕೂ ನಮ್ಮ ತುಮಕೂರಿಗೂ ನಡುವೆ ನೊಣವನ್ನು ತಡೆಯುವ ಗೋಡೆ ಎಲ್ಲಿದೆ?

ವೈರಸ್ಸಿನ ಮೈಕಟ್ಟು ನೋಡೋಣ. ಇದು ಜೆಮಿನಿ ವೈರಸ್ ಕುಲದ್ದು. ಜೆಮಿನಿ ಎಂದರೆ ನಮ್ಮ ಮಿಥುನ ರಾಶಿ, ಅವಳಿ. ಒಂದೇ ತೊಟ್ಟಿಗೆ ಅಂಟಿ ಬೆಳೆದ ಅವಳಿ ಕಾಯಿಯಂತೆ ಎರಡು ಪುಟ್ಟ ಗೋಳಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅಗಲ ಸುಮಾರು 22 ನ್ಯಾನೊಮೀಟರ್, ಉದ್ದ 38. ಒಂದು ಮಿಲಿಮೀಟರ್ ಉದ್ದಕ್ಕೆ ಇಂಥ 26,000 ಕಣಗಳನ್ನು ಸಾಲಾಗಿ ಜೋಡಿಸಬಹುದು. ಹೊರಗಿನ ಕವಚವನ್ನು ಕ್ಯಾಪ್ಸಿಡ್ ಎನ್ನುತ್ತಾರೆ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಗೋಡೆ ಕಟ್ಟಿದ ಹಾಗೆ ಒಂದೇ ಬಗೆಯ ಪ್ರೋಟೀನಿನ 110 ಪ್ರತಿಗಳು ಸೇರಿ ಈ ಕವಚವಾಗಿದೆ. ಒಳಗಿರುವುದು ಸುಮಾರು 2,750 ಅಕ್ಷರಗಳ ಒಂದೇ ಎಳೆಯ ಡಿಎನ್‌ಎ, ಬಳೆಯಂತೆ ಸುತ್ತಿಕೊಂಡಿದೆ. ಅದರಲ್ಲಿ ಆರು ಜೀನ್. ಟೊಮೆಟೊ ಗಿಡದ ಡಿಎನ್‌ಎಯಲ್ಲಿ ಸುಮಾರು 90 ಕೋಟಿ ಅಕ್ಷರಗಳಿವೆ, 35,000ದಷ್ಟು ಜೀನ್‌ಗಳಿವೆ. ಆರು ಜೀನಿನವನು ಮೂವತ್ತೈದು ಸಾವಿರ ಜೀನಿನ ಮನೆಯನ್ನು ಹೇಗೆ ಆಳುತ್ತಾನೆ ಎಂಬುದೇ ಈ ಕತೆಯ ಸ್ವಾರಸ್ಯ.

ಆ 110 ಇಟ್ಟಿಗೆಗಳ ಕವಚವನ್ನು ನಾವು ಬರೀ ಅಂಗಿ ಎಂದುಕೊಂಡರೆ ತಪ್ಪಾಗುತ್ತದೆ. ಡಿಎನ್‌ಎಯನ್ನು ಕಾಪಾಡುವುದು ಅದರ ಒಂದು ಕೆಲಸ ಮಾತ್ರ. ಬಿಳಿ ನೊಣದ ಕರುಳಿನ ಗೋಡೆ ದಾಟುವುದು, ಅದರ ರಕ್ತದಲ್ಲಿ ಕರಗದೆ ಉಳಿಯುವುದು, ಜೊಲ್ಲಿನ ಗ್ರಂಥಿ ಸೇರುವುದು, ಇವೆಲ್ಲ ಈ ಕವಚದ ಮೇಲ್ಮೈಯಿಂದಲೇ ಆಗಬೇಕು. ನೊಣದ ಮೈಯೊಳಗೆ ವಾಸವಾಗಿರುವ ಬ್ಯಾಕ್ಟೀರಿಯಾಗಳು ತಯಾರಿಸುವ ಒಂದು ಪ್ರೋಟೀನು ವೈರಸ್ಸಿನ ಕವಚಕ್ಕೆ ಅಂಟಿಕೊಂಡು ಅದನ್ನು ಕಾಯುತ್ತದೆ ಎಂದೂ ಕಂಡುಕೊಂಡಿದ್ದಾರೆ. ಮುನಿಯಪ್ಪನವರ ತಂಡ 2000ದಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ರೋಗದ ಗಿಡದಿಂದ ವೈರಸ್ ಹೀರಿಕೊಳ್ಳಲು ನೊಣಕ್ಕೆ 10 ನಿಮಿಷ ಸಾಕು, ಆರೋಗ್ಯದ ಗಿಡಕ್ಕೆ ಅದನ್ನು ಇಳಿಸಲು 20 ನಿಮಿಷ ಸಾಕು. ಒಂದೇ ನೊಣ ಒಂದು ಗಿಡಕ್ಕೆ ರೋಗ ತರಬಲ್ಲದು. ನಾಕು ಸಲ ಔಷಧಿ ಹೊಡೆದರೂ ಮುದುರು ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ಔಷಧಿ ನೊಣವನ್ನು ಕೊಲ್ಲುವುದರೊಳಗೆ ಅದು ತನ್ನ ಕೆಲಸ ಮುಗಿಸಿರುತ್ತದೆ.

ಒಳಮನೆಯ ಬಾಗಿಲು

ನೊಣ ತನ್ನ ಸೂಜಿಮೂತಿಯನ್ನು ಎಲೆಯ ನರಕ್ಕೆ ಚುಚ್ಚಿ ವೈರಸ್ಸನ್ನು ಒಂದು ಜೀವಕೋಶದೊಳಗೆ ಬಿಟ್ಟಿತು ಎಂದುಕೊಳ್ಳಿ. ಅಲ್ಲಿಗೆ ಗೆದ್ದಂತಲ್ಲ. ಟೊಮೆಟೊ ವೈರಸ್ ಈಗ ಹಜಾರದಲ್ಲಿ ನಿಂತಿದೆ ಅಷ್ಟೆ. ಅದಕ್ಕೆ ಬೇಕಾದ್ದು ಒಳಮನೆ, ಅಂದರೆ ಕೋಶಕೇಂದ್ರ. ಡಿಎನ್‌ಎ ನಕಲು ಮಾಡುವ ಯಂತ್ರಗಳೆಲ್ಲ ಅಲ್ಲಿವೆ. ಆರು ಜೀನಿನ ಈ ವೈರಸ್ಸಿಗೆ ನಕಲು ಮಾಡುವ ಸ್ವಂತ ಯಂತ್ರವಿಲ್ಲ. ಗಿಡದ ಯಂತ್ರದಲ್ಲೇ ತನ್ನ ಬಳೆಯನ್ನು ನಕಲು ಮಾಡಿಸಿಕೊಳ್ಳಬೇಕು. ಒಳಮನೆ ಸೇರದಿದ್ದರೆ ಅದು ಅಲ್ಲೇ ಸವೆದು ಹೋಗುತ್ತದೆ.

ಒಳಮನೆಗೆ ಎರಡು ಪದರದ ಗೋಡೆ. ಗೋಡೆಯಲ್ಲಿ ಅಲ್ಲಲ್ಲಿ ಬಾಗಿಲುಗಳು. ಒಂದೊಂದು ಬಾಗಿಲನ್ನೂ ಸುಮಾರು ಮೂವತ್ತು ಬಗೆಯ ಪ್ರೋಟೀನುಗಳು ನೂರಾರು ಸಂಖ್ಯೆಯಲ್ಲಿ ಸೇರಿ ಕಟ್ಟಿವೆ. ಜೀವಕೋಶದೊಳಗಿನ ಅತಿ ದೊಡ್ಡ ಕಟ್ಟಡಗಳಲ್ಲಿ ಇದೂ ಒಂದು. ಬಾಗಿಲಿಗೆ ಕದವಿಲ್ಲ. ಅದರ ಬದಲು ಬಾಯಿಯ ತುಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡು ಪೊದೆಯಾಗಿವೆ. ದೇವರಾಯನದುರ್ಗದ ಇಳಿಜಾರಿನಲ್ಲಿ ಲಂಟಾನ ಹಬ್ಬಿದ ಜಾಗ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಓತಿಕ್ಯಾತ, ಇಲಿ ಹೇಗಾದರೂ ನುಸುಳುತ್ತವೆ. ದೊಡ್ಡ ಪ್ರಾಣಿಗೆ ಆ ಮೆಳೆ ಗೋಡೆಯೇ ಸರಿ. ಆದರೆ ಕುರಿ ಕಾಯುವ ಹುಡುಗನಿಗೆ ಒಳದಾರಿ ಗೊತ್ತು, ಅವನ ಹಿಂದೆ ಹೋದರೆ ಯಾರು ಬೇಕಾದರೂ ಆಚೆ ದಾಟಬಹುದು.

ಜೀವಕೋಶದಲ್ಲಿ ಆ ಹುಡುಗನ ಕೆಲಸ ಮಾಡುವವರಿಗೆ ಇಂಪೋರ್ಟಿನ್ ಎಂದು ಹೆಸರು. ಇವರು ಇಬ್ಬರು, ಆಲ್ಫಾ ಮತ್ತು ಬೀಟಾ. ಒಳಮನೆಗೆ ಹೋಗಬೇಕಾದ ಪ್ರತಿ ಪ್ರೋಟೀನಿನ ಮೈಮೇಲೂ ಒಂದು ವಿಳಾಸ ಚೀಟಿ ಇರುತ್ತದೆ. ಚೀಟಿ ಓದುವವನು ಆಲ್ಫಾ. ಅವನ ಮೈಯಲ್ಲಿ ಉದ್ದಕ್ಕೆ ಒಂದು ತೋಡು ಇದೆ, ಚೀಟಿ ಅದರಲ್ಲಿ ಸರಿಯಾಗಿ ಕೂರಬೇಕು. ಕೂತರೆ ಆಲ್ಫಾ ಬೀಟಾನ ಕೈ ಹಿಡಿಯುತ್ತಾನೆ. ಪೊದೆಯಲ್ಲಿ ದಾರಿ ಬಿಡಿಸಿಕೊಂಡು ಹೋಗುವುದು ಬೀಟಾನ ಕೆಲಸ. ಎಳೆಗಳಿಗೆ ಒಂದು ಕ್ಷಣ ಅಂಟುತ್ತ, ಬಿಡುತ್ತ, ಮತ್ತೆ ಅಂಟುತ್ತ ಅವನು ಹೊರೆಯ ಸಮೇತ ಆಚೆ ತಲುಪುತ್ತಾನೆ. ಒಳಗೆ ರ್‍ಯಾನ್ ಎಂಬ ಪುಟ್ಟ ಪ್ರೋಟೀನು ಬೀಟಾನನ್ನು ಹಿಡಿದೊಡನೆ ಹೊರೆ ಕಳಚಿ ಬೀಳುತ್ತದೆ. ಇಬ್ಬರೂ ಹೊರಗೆ ಬಂದು ಮುಂದಿನ ಹೊರೆಗೆ ನಿಲ್ಲುತ್ತಾರೆ. ಬೀಜ ಮೊಳೆಯುವಾಗ, ಹೂ ಬಿಡುವಾಗ, ನೀವು ಈ ಸಾಲು ಓದುವಾಗ, ಪ್ರತಿ ಜೀವಕೋಶದಲ್ಲೂ ಈ ಸಾಗಾಟ ಬಿಡುವಿಲ್ಲದೆ ನಡೆದಿದೆ.

ಆ ವಿಳಾಸ ಚೀಟಿಯ ಒಕ್ಕಣೆ ಏನು? ಹೆಚ್ಚಾಗಿ ಲೈಸಿನ್ ಮತ್ತು ಆರ್ಜಿನಿನ್ ಎಂಬ ಎರಡು ಅಮೈನೊ ಆಮ್ಲಗಳು ಒತ್ತೊತ್ತಾಗಿ ಬರುತ್ತವೆ. ಎರಡಕ್ಕೂ ಧನ ವಿದ್ಯುದಂಶ ಇದೆ, ಆಲ್ಫಾನ ತೋಡಿನಲ್ಲಿ ಋಣ. ಕಾಂತಕ್ಕೆ ಕಬ್ಬಿಣ ಬಂದ ಹಾಗೆ ಚೀಟಿ ಬಂದು ಕೂರುತ್ತದೆ. 1984ರಲ್ಲಿ ಇದನ್ನು ಮೊದಲು ಅಕ್ಷರ ಅಕ್ಷರವಾಗಿ ಬಿಡಿಸಿದಾಗ ಸಿಕ್ಕಿದ್ದು ಏಳು ಅಮೈನೊ ಆಮ್ಲಗಳ ಸಾಲು, ಅದರಲ್ಲಿ ಐದು ಇದೇ ಜಾತಿಯವು. ಆ ಚೀಟಿ ಸಿಕ್ಕ ಪ್ರೋಟೀನು ಯಾವುದು ಗೊತ್ತೆ? ಮಂಗಗಳಿಗೆ ತಗಲುವ ಎಸ್‌ವಿ40 ಎಂಬ ವೈರಸ್ಸಿನದು. ಮನೆಯವರ ಬಾಗಿಲಿನ ಗುಟ್ಟು ನಮಗೆ ಮೊದಲು ತಿಳಿದದ್ದೇ ಕಳ್ಳನ ಜೇಬಿನಿಂದ.

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಹಳದಿ ಬೆಳಕು

ಟೊಮೆಟೊ ವೈರಸ್ಸಿನ ಕವಚಕ್ಕೆ ಬರೋಣ. ಅದರ 110 ಇಟ್ಟಿಗೆಗಳಲ್ಲಿ ಪ್ರತಿಯೊಂದರ ತಲೆಯ ಭಾಗದಲ್ಲೂ ಲೈಸಿನ್, ಆರ್ಜಿನಿನ್ ತುಂಬಿದ ಇಂಥ ಚೀಟಿಗಳಿವೆ. ಇಸ್ರೇಲಿನ ಗಾಫ್ನಿ, ಅಮೆರಿಕದ ಸಿಟೋವ್‌ಸ್ಕಿ ಮತ್ತು ಸಂಗಡಿಗರು ನಮ್ಮ ವೈರಸ್ಸಿನ ಹತ್ತಿರದ ನೆಂಟನಾದ ಟೊಮೆಟೊ ಹಳದಿ ಎಲೆ ಮುಟುರು ವೈರಸ್ಸಿನಲ್ಲಿ ಇದನ್ನು ತೋರಿಸಿದರು. 1998ರಲ್ಲಿ ಕವಚದ ಪ್ರೋಟೀನು ಕೋಶಕೇಂದ್ರಕ್ಕೆ ಹೋಗುವುದು ಖಚಿತವಾಯಿತು. ಮರುವರ್ಷ ಅದನ್ನು ಹಿಡಿದುಕೊಳ್ಳುವ ಟೊಮೆಟೊ ಗಿಡದ್ದೇ ಇಂಪೋರ್ಟಿನ್ ಆಲ್ಫಾ ಸಿಕ್ಕಿತು. 2005ರಲ್ಲಿ ಹೆಸರುಕಾಳಿನ ಹಳದಿ ನಂಜು ವೈರಸ್ಸಿನ ಕವಚವೂ ಇಂಪೋರ್ಟಿನ್ ಆಲ್ಫಾಗೆ ಅಂಟುತ್ತದೆ, ಅದರ ಮೈಮೇಲೆ ಒಂದಲ್ಲ ಹಲವು ಚೀಟಿಗಳಿವೆ ಎಂದು ಪ್ರಕಟವಾಯಿತು. ಗುಬ್ಬಿ, ಕುಣಿಗಲ್ ಕಡೆ ಹೆಸರು, ಅಲಸಂದೆ, ಅವರೆ, ಹುರುಳಿ ಬಿತ್ತುವ ಮನೆಗಳಲ್ಲಿ ಹಳದಿ ನಂಜು ಯಾರಿಗೆ ಗೊತ್ತಿಲ್ಲ? ಎಲೆಯ ಮೇಲೆ ಅರಿಶಿನ ಚಿಮುಕಿಸಿದಂಥ ಆ ರೋಗದ ವೈರಸ್ಸುಗಳೂ ಇದೇ ಅವಳಿ ಕುಲದವು, ಇದೇ ಬಿಳಿ ನೊಣದ ಬೆನ್ನೇರಿ ಬರುವವು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ನಡೆದದ್ದು ಊರ್ಡಿಗೆರೆಯಿಂದ ಎರಡು ಗಂಟೆಯ ದಾರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಅದನ್ನೇ. ಅಲ್ಲಿನ ಜೀವರಸಾಯನ ವಿಭಾಗದ ಎಚ್.ಎಸ್. ಸಾವಿತ್ರಿ ಗಿಡಗಳ ವೈರಸ್ಸಿಗೇ ತಮ್ಮ ಆಯುಷ್ಯ ಕೊಟ್ಟವರು. ಎಂ.ಆರ್.ಎನ್. ಮೂರ್ತಿಯವರ ಜೊತೆ ಸೇರಿ ಅಗಸೆ ಜಾತಿಯ ಗಿಡಕ್ಕೆ ಬರುವ ಒಂದು ವೈರಸ್ಸಿನ ಕವಚವನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದ ತಂಡ ಅದು. ಭಾರತದಲ್ಲೇ ಕೂತು ಇಂಥ ಕೆಲಸ ಮಾಡಬಹುದು ಎಂದು ಸಾಧಿಸಿದವರು.

ಸಾವಿತ್ರಿಯವರ ಪ್ರಯೋಗಾಲಯ 2011ರಲ್ಲಿ ಪ್ರಕಟಿಸಿದ ಕೆಲಸ ಹತ್ತಿಯ ಎಲೆ ಮುಟುರು ವೈರಸ್ಸಿನ ಮೇಲೆ. ಟೊಮೆಟೊದ್ದರ ಹಾಗೆಯೇ ಒಂದೇ ಡಿಎನ್‌ಎ ಬಳೆಯ ಅವಳಿ ವೈರಸ್ ಅದು. ಕವಚದ ಪ್ರೋಟೀನನ್ನು ಅವರು ಮೊದಲು ಕೀಟದ ಜೀವಕೋಶಗಳಲ್ಲಿ ತಯಾರಿಸಿದರು. ಪ್ರಯೋಗಾಲಯಗಳಲ್ಲಿ ದಶಕಗಳಿಂದ ಬೆಳೆಸುತ್ತ ಬಂದ ಈ ಜೀವಕೋಶಗಳ ಮೂಲ ಫಾಲ್ ಸೈನಿಕ ಹುಳು. 2018ರಲ್ಲಿ ನಮ್ಮ ಮುಸುಕಿನ ಜೋಳಕ್ಕೆ ಬಂದು ಗೋಳಾಡಿಸಿದ್ದೂ ಅದೇ ಹುಳು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕವಚದ ಪ್ರೋಟೀನು ಕೋಶಕೇಂದ್ರದೊಳಗೆ ಸೇರಿಕೊಂಡಿತ್ತು. ಆಮೇಲೆ ಅವರು ಪ್ರೋಟೀನಿನ ತಲೆಯ ಕಡೆಯ ಚೀಟಿಯನ್ನಷ್ಟೇ ಕತ್ತರಿಸಿದರು. ಉಳಿದದ್ದು ಹಾಗೆಯೇ ಇತ್ತು. ಚೀಟಿ ಹೋದ ಪ್ರೋಟೀನು ಒಳಮನೆಗೆ ಹೋಗಲೇ ಇಲ್ಲ, ಹಜಾರದಲ್ಲೇ ಉಳಿಯಿತು.

ಗಿಡದಲ್ಲಿ ಹೇಗೆ? ತಂಬಾಕಿನ ಜಾತಿಯ ಒಂದು ಪುಟ್ಟ ಗಿಡದ ಎಲೆಯಲ್ಲಿ, ಹಳದಿ ಬೆಳಕು ಸೂಸುವ ಬಾಲವನ್ನು ಅಂಟಿಸಿದ ಕವಚದ ಪ್ರೋಟೀನು ತಯಾರಾಗುವಂತೆ ಮಾಡಿದರು. ಬೆಳಕು ಬಹುಮಟ್ಟಿಗೆ ಕೋಶಕೇಂದ್ರದಲ್ಲೇ ಕಂಡಿತು. ವೈರಸ್ಸಿನ ಇನ್ನೊಂದು ಪ್ರೋಟೀನು ವಿ2. ಅದು ಜೀವಕೋಶದ ಅಂಚಿನಲ್ಲಿ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟಾಗ ಹಳದಿ ಬೆಳಕು ಒಳಮನೆಯಲ್ಲೂ ಕಂಡಿತು, ಹೊರಗೆ ವಿ2 ಜೊತೆಗೂ ಕಂಡಿತು. ಒಳಗೆ ಹೋಗುವುದಷ್ಟೇ ಅಲ್ಲ, ಹೊಸ ನಕಲುಗಳು ಹೊರಗೆ ಬಂದು ಪಕ್ಕದ ಜೀವಕೋಶಕ್ಕೆ ದಾಟುವುದಕ್ಕೂ ಈ ಕವಚವೇ ಕೈಯಾಸರೆ ಎಂಬ ಸೂಚನೆ ಇದರಲ್ಲಿದೆ. ವೈರಸ್ಸಿನ ಆರು ಜೀನುಗಳಲ್ಲಿ ಒಂದು ಎಷ್ಟು ಕೆಲಸ ಹೊರುತ್ತದೆ ನೋಡಿ: ಅಂಗಿ, ನೊಣಕ್ಕೆ ಕೊಡುವ ಗುರುತು, ಒಳಮನೆಯ ಚೀಟಿ, ಹೊರದಾರಿಯ ಜೊತೆಗಾರ.

ಕೀಟದ ಜೀವಕೋಶದಲ್ಲೂ ಗಿಡದ ಜೀವಕೋಶದಲ್ಲೂ ಒಂದೇ ಚೀಟಿ ಕೆಲಸ ಮಾಡಿದ್ದನ್ನು ಗಮನಿಸಿದಿರಾ? ಈ ಬಾಗಿಲು, ಈ ಇಂಪೋರ್ಟಿನ್ ಗಿಡ ಮತ್ತು ಪ್ರಾಣಿಗಳು ಕವಲೊಡೆಯುವುದಕ್ಕೂ ಮೊದಲಿನವು, ನೂರು ಕೋಟಿ ವರ್ಷಕ್ಕೂ ಹಳೆಯವು. ಟೊಮೆಟೊ ಗಿಡಕ್ಕೂ, ಅದರ ಮೇಲಿನ ನೊಣಕ್ಕೂ, ಅದನ್ನು ಬೆಳೆದ ಯಜಮಾನರಿಗೂ ಇರುವುದು ಒಂದೇ ಮಾದರಿಯ ಬಾಗಿಲು.

ಒಳಗೆ ಹೋದ ಮೇಲಿನ ಸಂಗತಿ ಬೇಗ ಹೇಳಿಬಿಡುತ್ತೇನೆ. ಒಂದೆಳೆಯ ಬಳೆ ಎರಡೆಳೆಯಾಗುತ್ತದೆ. ಗಿಡದ ಹಿಸ್ಟೋನ್ ಎಂಬ ಪ್ರೋಟೀನುಗಳನ್ನೇ ಸುತ್ತಿಕೊಂಡು ಗಿಡದ್ದೇ ಪುಟ್ಟ ವರ್ಣತಂತುವಿನಂತೆ ಕಾಣುತ್ತದೆ. ವಿಭಜನೆ ನಿಲ್ಲಿಸಿ ಆರಾಮಾಗಿದ್ದ ಜೀವಕೋಶವನ್ನು ವೈರಸ್ಸಿನ ಒಂದು ಪ್ರೋಟೀನು ಎಬ್ಬಿಸಿ ಮತ್ತೆ ಡಿಎನ್‌ಎ ನಕಲಿಗೆ ಹಚ್ಚುತ್ತದೆ. ಸುಳಿ ಬೆಳೆಯದೆ ಕುಗ್ಗುವುದು, ಎಲೆ ದೊನ್ನೆಯಾಗುವುದು ಈ ಒಳಗಿನ ಅಲ್ಲೋಲಕಲ್ಲೋಲದ ಹೊರಗುರುತು.

ಬಾಗಿಲನ್ನೇ ಮುಚ್ಚಿಬಿಟ್ಟರೆ?

ಇಷ್ಟು ಕೇಳಿದವರಿಗೆ ಮೊದಲು ಹೊಳೆಯುವುದು ಇದೇ. ಇಂಪೋರ್ಟಿನ್ ಕೈ ಕಟ್ಟಿಹಾಕಿದರೆ ವೈರಸ್ ಒಳಗೆ ಹೋಗುವುದಿಲ್ಲವಲ್ಲ! ಹೋಗುವುದಿಲ್ಲ, ನಿಜ. ಆದರೆ ಗಿಡದ್ದೇ ಪ್ರೋಟೀನುಗಳೂ ಒಳಗೆ ಹೋಗುವುದಿಲ್ಲ. ಕಳ್ಳ ಬರುತ್ತಾನೆಂದು ಮನೆಯ ಬಾಗಿಲಿಗೆ ಗೋಡೆ ಎಬ್ಬಿಸಿದಂತಾಗುತ್ತದೆ, ಒಳಗಿದ್ದವರು ಉಪವಾಸ ಬೀಳುತ್ತಾರೆ.

ಮನುಷ್ಯರ ಮೇಲೆ ಈ ಆಸೆ ಒಮ್ಮೆ ದೊಡ್ಡದಾಗಿ ಮೂಡಿ ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಐವರ್‌ಮೆಕ್ಟಿನ್ ಹುಳುವಿನ ಮಾತ್ರೆ. ಅದು ಇಂಪೋರ್ಟಿನ್ ಆಲ್ಫಾ ಮತ್ತು ಬೀಟಾ ಜೋಡಿಯನ್ನು ತಡೆಯುತ್ತದೆ ಎಂದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಕಂಡುಕೊಂಡಿದ್ದರು. 2020ರಲ್ಲಿ ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಅದು ಕೊರೊನಾ ವೈರಸ್ಸನ್ನು ಬಹಳವಾಗಿ ತಗ್ಗಿಸಿತು ಎಂಬ ಸುದ್ದಿ ಬಂತು. ಅಲ್ಲಿಂದ ಊರೂರಿನ ಮೆಡಿಕಲ್ ಅಂಗಡಿಗಳಿಗೆ ಆ ಮಾತ್ರೆ ತಲುಪಿತು. ಎರಡನೇ ಅಲೆಯಲ್ಲಿ ದೇಶದ ಚಿಕಿತ್ಸಾ ಮಾರ್ಗಸೂಚಿಯಲ್ಲೂ ಅದಕ್ಕೆ ಜಾಗ ಸಿಕ್ಕಿತ್ತು, 2021ರ ಸೆಪ್ಟೆಂಬರಿನಲ್ಲಿ ಕೈಬಿಟ್ಟರು. ತಟ್ಟೆಯಲ್ಲಿ ಹಾಕಿದ್ದ ಪ್ರಮಾಣ ಮನುಷ್ಯರ ರಕ್ತದಲ್ಲಿ ಮಾಮೂಲಿ ಮಾತ್ರೆಯಿಂದ ಮುಟ್ಟಲಾಗದಷ್ಟು ಹೆಚ್ಚಿನದು. ಬ್ರೆಜಿಲಿನಲ್ಲಿ 1,358 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಬಾಗಿಲಿನ ಮೇಲೆ ಕೈ ಇಡುವ ಔಷಧಿಗೆ ಮನೆಯವರನ್ನು ನೋಯಿಸದಂತೆ ಕಳ್ಳನನ್ನು ಮಾತ್ರ ತಡೆಯುವುದು ಬಲು ಕಷ್ಟ.

ಆದರೆ ಇನ್ನೊಂದು ದಾರಿ ಇದೆ. ಬಾಗಿಲನ್ನು ಬಿಟ್ಟು ಕಳ್ಳನ ಚೀಟಿಗೆ ಕೈ ಹಾಕುವುದು. ಎಚ್‌ಐವಿಯಲ್ಲಿ ಇದು ಕೈಗೂಡಿದೆ. ಆ ವೈರಸ್ಸಿನ ಕವಚ ಶಂಕುವಿನಾಕಾರದ್ದು, ದಪ್ಪದ ಕಡೆ ಸುಮಾರು 60 ನ್ಯಾನೊಮೀಟರ್. ಅಷ್ಟು ದೊಡ್ಡದು ಬಾಗಿಲಲ್ಲಿ ತೂರುವುದಿಲ್ಲ, ಹೊರಗೇ ಒಡೆಯುತ್ತದೆ ಎಂದು ಬಹುಕಾಲ ನಂಬಿದ್ದರು. 2021ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನ ತಂಡ ಇಡೀ ಶಂಕು ಬಾಗಿಲೊಳಗೆ ಸಿಕ್ಕಿಕೊಂಡ ಚಿತ್ರವನ್ನೇ ತೆಗೆಯಿತು. 2024ರಲ್ಲಿ ಇನ್ನೂ ಬೆರಗಿನ ಸಂಗತಿ ಹೊರಬಂತು: ಎಚ್‌ಐವಿಯ ಕವಚ ದಾರಿ ತೋರುವವನಿಗೂ ಕಾಯುವುದಿಲ್ಲ, ತಾನೇ ಇಂಪೋರ್ಟಿನ್‌ನಂತೆ ಪೊದೆಯ ಎಳೆಗಳಿಗೆ ಅಂಟಿ ಬಿಡುತ್ತ ದಾಟುತ್ತದೆ. ಎಳೆಗಳನ್ನು ಹಿಡಿಯಲು ಅದರ ಮೈಮೇಲೆ ಪುಟ್ಟ ಕುಳಿಗಳಿವೆ. ಲೆನಕಾಪವಿರ್ ಎಂಬ ಔಷಧಿ ಹೋಗಿ ಕೂರುವುದು ಅದೇ ಕುಳಿಗಳಲ್ಲಿ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ಆರು ತಿಂಗಳಿಗೊಂದು ಸೂಜಿಮದ್ದು ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಎಚ್‌ಐವಿ ತಗಲಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಕವಚವನ್ನು ಬರೀ ಅಂಗಿ ಎಂದುಕೊಂಡಿದ್ದರೆ ಈ ಮದ್ದು ಯಾರಿಗೂ ಹೊಳೆಯುತ್ತಿರಲಿಲ್ಲ. ಎಲೆ, ನೊಣ, ಹತ್ತಿ ಎಂದು ಕೂತ ವಿಜ್ಞಾನಿಗಳ ಕೆಲಸವನ್ನು ಹಗುರಾಗಿ ಕಾಣುವವರಿಗೆ ಈ ಸಂಖ್ಯೆಯನ್ನು ಹೇಳಬೇಕು ಎನಿಸುತ್ತದೆ.

ಬಾಗಿಲಿಗೆ ಮುಂಚೆ, ಬಾಗಿಲಿನ ಆಚೆ

ಟೊಮೆಟೊ ಗಿಡಕ್ಕೆ ಸೂಜಿಮದ್ದಿಲ್ಲ. ಒಮ್ಮೆ ಒಳಗೆ ಹೋದ ವೈರಸ್ಸನ್ನು ಅಂಗಡಿಯಿಂದ ತಂದ ಯಾವ ಔಷಧಿಯೂ ಹೊರಗೆ ಹಾಕುವುದಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಮುದುರಿದ ಗಿಡಕ್ಕೆ ‘ವೈರಸ್ ಔಷಧಿ’ ಎಂದು ಬಾಟಲಿ ಕೊಡುವವರ ಮಾತು ನಂಬಿ ಸಾಲದ ದುಡ್ಡು ಸುರಿಯಬೇಡಿ.

ಹಾಗಾದರೆ ಉಳಿದಿರುವುದು ಎರಡು ಜಾಗ. ಒಂದು ಬಾಗಿಲಿನ ಆಚೆ, ಒಳಮನೆಯಲ್ಲಿ. ಕಾಡು ಟೊಮೆಟೊಗಳಲ್ಲಿ ಇದಕ್ಕೆ ಕಾವಲುಗಾರರಿದ್ದಾರೆ. ಟಿವೈ-1 ಎಂಬ ಜೀನ್ ಬಂದದ್ದು ದಕ್ಷಿಣ ಅಮೆರಿಕದ ಒಂದು ಕಾಡುಜಾತಿಯಿಂದ. ಅದು ವೈರಸ್ಸನ್ನು ಬಾಗಿಲಲ್ಲಿ ತಡೆಯುವುದಿಲ್ಲ. ಒಳಗೆ ಬಂದ ವೈರಸ್ಸಿನ ಡಿಎನ್‌ಎ ಮೇಲೆ ಮೀಥೈಲ್ ಎಂಬ ಮುದ್ರೆ ಒತ್ತಿಸಿ ಅದರ ಬಾಯಿ ಕಟ್ಟುತ್ತದೆ. ಗಿಡದಲ್ಲಿ ವೈರಸ್ ಸ್ವಲ್ಪ ಇರುತ್ತದೆ, ಆದರೆ ಅದರ ಆಟ ನಡೆಯುವುದಿಲ್ಲ. ಟಿವೈ-2 ಇನ್ನೊಂದು ಕಾಡುಜಾತಿಯದು, ಅದರ ರೀತಿ ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕಾಡು ಟೊಮೆಟೊದ ಗುಣ ಸೇರಿಸಿ ಸಂಕ್ರಾಂತಿ, ನಂದಿ, ವೈಭವ್ ಎಂಬ ಮೂರು ತಳಿಗಳನ್ನು ಕೊಟ್ಟಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ಆ ಸಂಸ್ಥೆಯದೇ ಪ್ರಯೋಗ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ತುಮಕೂರು ಹೆದ್ದಾರಿಯ ಹಿರೇಹಳ್ಳಿಯಲ್ಲಿವೆ, ಊರ್ಡಿಗೆರೆಗೆ ದೂರವೇನಲ್ಲ. ಆದರೂ ಒಂದು ಎಚ್ಚರ ಬೇಕು. ಎಳೆ ಗಿಡಕ್ಕೆ ಹಗಲಿರುಳು ನೊಣ ಮುತ್ತಿದರೆ ಎಂಥ ತಳಿಯೂ ಬಗ್ಗುತ್ತದೆ.

ಇನ್ನೊಂದು ಜಾಗ ಬಾಗಿಲಿಗೆ ಬಹಳ ಮುಂಚಿನದು, ಸಸಿಮಡಿ. ದಕ್ಷಿಣ ಭಾರತದಲ್ಲಿ ಫೆಬ್ರವರಿಯಿಂದ ಮೇವರೆಗಿನ ಬೆಳೆಗೆ ಈ ರೋಗ ಹೆಚ್ಚು, ತಡೆದುಕೊಳ್ಳಲಾಗದ ತಳಿಯಾದರೆ ಇಡೀ ತೋಟವೇ ಹೋಗುವುದುಂಟು. 1973ರಲ್ಲಿ ಶಾಸ್ತ್ರಿ ಮತ್ತು ಸಿಂಗ್ ಪ್ರಕಟಿಸಿದ ಅಧ್ಯಯನದಲ್ಲಿ ನಾಟಿಯಾದ 20 ದಿನದೊಳಗೆ ರೋಗ ತಗುಲಿದ ಗಿಡಗಳ ಇಳುವರಿ ನಷ್ಟ ಶೇಕಡ 90ನ್ನು ಮೀರಿತ್ತು. ತಡವಾಗಿ ತಗುಲಿದಷ್ಟೂ ನಷ್ಟ ಕಡಿಮೆ. ಗಿಡದ ಮೊದಲ ಒಂದೂವರೆ ತಿಂಗಳು ಕಾದವನು ಬೆಳೆ ಕಾದ ಹಾಗೆ.

ಊರ್ಡಿಗೆರೆಯ ಆ ಯಜಮಾನರನ್ನು ಮತ್ತೊಮ್ಮೆ ಕೇಳಿದೆ, ಸಸಿ ಎಲ್ಲಿಯದೆಂದು. “ಅಲ್ಲೇ ಬದಿ ಮೇಲೆ ಒಟ್ಲು ಹಾಕಿದ್ವಿ, ಹಳೇ ತೋಟದ ಪಕ್ಕ” ಅಂದರು. ಹಳೆಯ ತೋಟದಲ್ಲಿ ಕೊಯ್ಲು ಮುಗಿದ ಗಿಡಗಳು ಇನ್ನೂ ನಿಂತಿದ್ದವು, ಮುದುರಿದ ಎಲೆ, ಅಡಿಯಲ್ಲಿ ನೊಣ. ಅಲ್ಲಿಂದ ಒಟ್ಲಿಗೆ ಹತ್ತು ಮಾರು ಇರಬಹುದು.

ಟೊಮೆಟೊ ಹಾಕುವವರು ಈ ಸಲ ಇಷ್ಟು ಮಾಡಿ. ಹಳೆಯ ಬೆಳೆ ಮುಗಿದೊಡನೆ ಕಿತ್ತು ಸುಟ್ಟುಬಿಡಿ. ತೋಟದ ಸುತ್ತ ಮೆಕ್ಕೆಜೋಳವನ್ನೋ ಜೋಳವನ್ನೋ ಒತ್ತಾಗಿ ಹಾಕಿ. ಒಟ್ಲು ನೀವೇ ಹಾಕುವುದಾದರೆ ಬೀಜ ಊರಿದ ದಿನದಿಂದಲೇ ಸಣ್ಣ ಕಣ್ಣಿನ ನೈಲಾನ್ ಪರದೆ ಮುಚ್ಚಿ, ಅಂಚಿಗೆ ಮಣ್ಣು ಒತ್ತಿ. ನಾಟಿಯಾದ ಮೇಲೆ ಮುದುರಿದ ಗಿಡ ಒಂದೆರಡು ಕಂಡರೆ ಮರುಕ ಪಡದೆ ಕೀಳಿ. ಟ್ರೇ ಸಸಿ ಕೊಳ್ಳುವುದಾದರೆ ನರ್ಸರಿಯ ಒಳಗೆ ಹೋಗಿ ನೋಡಿ. ಪರದೆ ಹರಿದಿದೆಯೇ, ಒಳಗೆ ಹೋಗಲು ಒಂದರ ಹಿಂದೆ ಒಂದು ಎರಡು ಬಾಗಿಲು ಇವೆಯೇ, ಹಳದಿ ಅಂಟುಹಾಳೆ ತೂಗಿದೆಯೇ ಗಮನಿಸಿ. ದುಡ್ಡು ಕೊಡುವ ಮುಂಚೆ ನಾಲ್ಕು ಸಸಿಗಳ ಎಲೆ ತಿರುಗಿಸಿ ಅಡಿಯನ್ನು ನೋಡಿ. ಒಂದೇ ಒಂದು ಬಿಳಿ ನೊಣ ಎದ್ದರೂ ಆ ಟ್ರೇ ಬೇಡ.